ಉಳ್ಳಾರ್ತಿಯ ಚಂದ್ರ, ಇಸ್ಲಾಮಾಬಾದಿನ ಬಾಂಬು

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದೇ ಸುಳ್ಳು, ಎಲ್ಲವನ್ನೂ ಯಾವುದೋ ಸ್ಟುಡಿಯೋದಲ್ಲಿ ಚಿತ್ರೀಕರಿಸಿದ್ದಾರೆ ಎಂದು ಹಟ ಹಿಡಿಯುವವರು ಜಗತ್ತಿನ ತುಂಬ ಇದ್ದಾರೆ. ಅವರಿಗೆ ಇನ್ನೂ ಚಳ್ಳಕೆರೆಯ ವಿಳಾಸ ಸಿಕ್ಕಂತಿಲ್ಲ. ಸಿಕ್ಕಿದ್ದರೆ ಹಬ್ಬ ಮಾಡುತ್ತಿದ್ದರು. ಏಕೆಂದರೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ನಿಜವಾಗಿಯೂ ಒಂದು ಚಂದ್ರನ ನೆಲವನ್ನು ಮಾಡಿತ್ತು. ಚಂದ್ರಯಾನ–2ರ ಲ್ಯಾಂಡರ್‌ಗೆ ಇಳಿಯುವ ಜಾಗ ಗುರುತಿಸಲು ಬರುತ್ತದೋ ಇಲ್ಲವೋ ಎಂದು ನೋಡಲು 2016ರಲ್ಲಿ ಇಲ್ಲಿ ಕುಳಿಗಳನ್ನು ತೋಡಿಸಿ, ಅವುಗಳ ಮೇಲೆ ಸೆನ್ಸರ್ ಕಟ್ಟಿದ ವಿಮಾನ ಹಾರಿಸಿದ್ದರು. ಚಂದ್ರಯಾನ–3ಕ್ಕೆ ಮತ್ತೆ ಹೊಸ ಕುಳಿಗಳು ಬೇಕಾದಾಗ, 2020ರಲ್ಲಿ, ಟೆಂಡರ್ ಸುದ್ದಿ ಬಂತು: 10 ಮೀಟರ್ ಅಗಲ, 3 ಮೀಟರ್ ಆಳ, ಅಂದಾಜು ವೆಚ್ಚ ₹24.2 ಲಕ್ಷ.

ನಮ್ಮ ಕಡೆ ಕೃಷಿ ಹೊಂಡ ತೋಡುವುದಕ್ಕೂ ಇಷ್ಟೇ ವಿವರದ ಅಂದಾಜುಪಟ್ಟಿ ಇರುತ್ತದೆ. ಬಹುಶಃ ಅದಕ್ಕೇ ಚಂದ್ರನ ಕುಳಿಯ ಸುತ್ತ ಒಂದು ಗಾಳಿಮಾತೂ ಹುಟ್ಟಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಯಾರು ತೋಡಿಸಿದರು, ಯಾಕೆ, ಎಷ್ಟು ದುಡ್ಡು ಎಲ್ಲ ಗೊತ್ತಿತ್ತು. ಅದೇ ಕಾವಲಿನ ಇನ್ನೊಂದು ಬೇಲಿಯೊಳಗೆ ಏನಿದೆ ಎಂಬುದರ ಮೇಲೆ ಮಾತ್ರ ವಾಷಿಂಗ್ಟನ್, ಇಸ್ಲಾಮಾಬಾದ್, ದೆಹಲಿ ಮೂರೂ ಕಡೆ ಕಥೆ ಕಟ್ಟಲಾಯಿತು. ಆ ಕಥೆಗಳು ಪತ್ರಿಕೆ, ಟಿ.ವಿ., ಮೊಬೈಲ್‌ಗಳ ಮೂಲಕ ಸುತ್ತಿ ಬಳಸಿ ಕೊನೆಗೆ ಚಳ್ಳಕೆರೆಗೇ ಬಂದು ಮುಟ್ಟಿದವು. ಮುಟ್ಟುವ ಹೊತ್ತಿಗೆ ಅವುಗಳಲ್ಲಿ ಚಳ್ಳಕೆರೆಯೇ ಇರಲಿಲ್ಲ.

ಕಾವಲು ಎಂಬ ನೆಲ

ಹೊರಗಿನವರಿಗೆ ಚಳ್ಳಕೆರೆ ಎಂದರೆ ಶೇಂಗಾ, ಎಣ್ಣೆ ಮಿಲ್ಲು, ಕುರಿ ಕಂಬಳಿ. ಮೊಳಕಾಲ್ಮುರು ಎಂದರೆ ರೇಷ್ಮೆ ಸೀರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪಟ್ಟಿಯಲ್ಲಿ ಇವೆರಡೂ ಇವೆ. ಮಳೆ ಕೈಕೊಟ್ಟ ವರ್ಷ ಇಲ್ಲಿನ ರೈತನನ್ನು ಉಳಿಸುವುದು ದನ, ಕುರಿ, ಮೇಕೆ. ಅವುಗಳನ್ನು ಉಳಿಸುತ್ತಿದ್ದದ್ದು ಕಾವಲು.

ಅಮೃತ್ ಮಹಲ್ ಕಾವಲುಗಳ ಚರಿತ್ರೆ ಮೈಸೂರು ಅರಸರ ಕಾಲದ್ದು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಆಯಿತು. ಫಿರಂಗಿ ಎಳೆಯುವ ಎತ್ತುಗಳನ್ನು ಸಾಕಲು ಮೀಸಲಿಟ್ಟ ಹುಲ್ಲುಗಾವಲು ಇದು. ಅಂದರೆ ಸೈನ್ಯಕ್ಕೂ ಈ ನೆಲಕ್ಕೂ ನಂಟು ಹೊಸದಲ್ಲ. ಆದರೆ ಅರಸರ ಎತ್ತುಗಳು ಮೇಯ್ದ ನೆಲದಲ್ಲೇ ಊರಿನ ದನವೂ ಮೇಯುತ್ತಿತ್ತು. ಮ್ಯಾಸಬೇಡರ ದೇವರ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿಗಳು, ಗೊಲ್ಲರ ಹಟ್ಟಿ, ಕುರುಬರ ಕುರಿಮಂದೆ, ಲಂಬಾಣಿ ತಾಂಡಾ ಎಲ್ಲರಿಗೂ ಅದೇ ಆಧಾರ. ಕೃಷ್ಣಮೃಗ, ಎರೆಭೂತ ಹಕ್ಕಿಗಳ ನೆಲೆಯೂ ಹೌದು.

2010ರ ಆಸುಪಾಸಿನ ವರ್ಷಗಳಲ್ಲಿ ಈ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ಸಂಸ್ಥೆಗಳ ಹೆಸರಿಗೆ ಹೋಯಿತು. ವರವು ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಉಳ್ಳಾರ್ತಿಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಇಸ್ರೊಗೆ 573 ಎಕರೆ. ಅದಕ್ಕೆ ‘ವಿಜ್ಞಾನ ನಗರಿ’ ಎಂಬ ಹೆಸರೂ ಬಿತ್ತು. ಹಳ್ಳಿಯ ಬಹುಪಾಲು ಜನಕ್ಕೆ ಈ ವಿಷಯ ಗೊತ್ತಾದದ್ದು ಪತ್ರಿಕೆಯಿಂದಲ್ಲ, ಗ್ರಾಮಸಭೆಯಿಂದಲೂ ಅಲ್ಲ. ಜೆಸಿಬಿ ಬಂದು ನಿಂತಾಗ, ಗೋಡೆ ಏಳತೊಡಗಿದಾಗ, ದನ ಹೊಡೆದುಕೊಂಡು ಹೋದವರು ಅರ್ಧ ದಾರಿಯಿಂದ ವಾಪಸ್ ಬಂದಾಗ.

ಇಲ್ಲೇ ಮೊದಲ ಪೆಟ್ಟು ಬಿದ್ದದ್ದು. ಪಿತೂರಿಯ ಕಥೆಗಳನ್ನು ಜನ ಯಾಕೆ ನಂಬುತ್ತಾರೆ ಎಂದು ಕೇಳುವಾಗ ನಾವು ಅನಕ್ಷರತೆ, ಮೊಬೈಲು, ಅಗ್ಗದ ಡೇಟಾ ಎಂದೆಲ್ಲ ಪಟ್ಟಿ ಮಾಡುತ್ತೇವೆ. ಊರಿನ ಬೆನ್ನ ಹಿಂದೆ 10 ಸಾವಿರ ಎಕರೆ ಕೈ ಬದಲಾಗಬಲ್ಲದು ಎಂದು ಕಣ್ಣಾರೆ ಕಂಡ ಜನಕ್ಕೆ, ಬೆನ್ನ ಹಿಂದೆ ಇನ್ನೇನೋ ನಡೆಯುತ್ತಿದೆ ಎನ್ನಿಸುವುದಕ್ಕೆ ಮೊಬೈಲ್ ಬೇಕಿಲ್ಲ.

ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನ ಲಿಯೊ ಸಲ್ಡಾನಾ ಅರ್ಜಿದಾರರು. ಸ್ಥಳೀಯವಾಗಿ ಕಾವಲು ಉಳಿಸುವ ಹೋರಾಟ ಸಮಿತಿಯೂ ಕಟ್ಟಿಕೊಂಡಿತ್ತು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಯೋಜನೆಗಳನ್ನು ತಡೆಯಲಿಲ್ಲ. ಪರಿಸರ ಕಾನೂನಿನ ಅನುಮತಿ, ಷರತ್ತುಗಳಿಗೆ ಒಳಪಟ್ಟು ಮುಂದುವರಿಯಿರಿ ಎಂದಿತು. ಈ ಕಡತಗಳಲ್ಲಿ ಎಕರೆ, ಸರ್ವೆ ನಂಬರ್, ಆದೇಶ, ಸಹಿ ಎಲ್ಲ ಇವೆ. ಕಥೆ ಕಟ್ಟುವ ಅಗತ್ಯವೇ ಇಲ್ಲದಷ್ಟು ವಿವರ. ಆದರೆ ಸರ್ವೆ ನಂಬರ್‌ಗೆ ಯಾರು ಬ್ರೇಕಿಂಗ್ ನ್ಯೂಸ್ ಹಾಕುತ್ತಾರೆ?

ರಹಸ್ಯ ನಗರದ ಹುಟ್ಟು

2015ರ ಡಿಸೆಂಬರ್ 16. ಅಮೆರಿಕದ ‘ಫಾರಿನ್ ಪಾಲಿಸಿ’ ಪತ್ರಿಕೆಯಲ್ಲಿ ಏಡ್ರಿಯನ್ ಲೆವಿ ಎಂಬ ಬ್ರಿಟಿಷ್ ಪತ್ರಕರ್ತರ ದೀರ್ಘ ವರದಿ ಬಂತು. ಭಾರತ ಚಳ್ಳಕೆರೆಯಲ್ಲಿ ಹೈಡ್ರೋಜನ್ ಬಾಂಬಿಗೆ ಬೇಕಾದ ಯುರೇನಿಯಂ ತಯಾರಿಸಲು ಅತಿ ರಹಸ್ಯವಾದ ‘ಪರಮಾಣು ನಗರ’ ಕಟ್ಟುತ್ತಿದೆ ಎಂದು ತಜ್ಞರು ಹೇಳುತ್ತಾರೆ, ಎಂಬುದು ಅದರ ಸಾರ. ವರದಿಯ ಆರಂಭದಲ್ಲಿ ಲಂಬಾಣಿಗಳು, ಅವರ ಕನ್ನಡಿ ಕಸೂತಿ, ಹುಲ್ಲುಗಾವಲು ಎಲ್ಲ ಇತ್ತು. ಒಂದು ವರ್ಷ ಕಳೆದ ಮೇಲೆ, 2017ರ ಫೆಬ್ರುವರಿಯಲ್ಲಿ, ಪಾಕಿಸ್ತಾನದ ವಿದೇಶಾಂಗ ಇಲಾಖೆಯ ವಕ್ತಾರ ನಫೀಸ್ ಜಕಾರಿಯಾ ಭಾರತದಲ್ಲಿ ‘ರಹಸ್ಯ ಪರಮಾಣು ನಗರ’ ಇದೆ ಎಂದರು. ಅದು ಪಾಕಿಸ್ತಾನದ ಕಲ್ಪನೆಯ ಕೂಸು ಎಂದು ನಮ್ಮ ವಿದೇಶಾಂಗ ಸಚಿವಾಲಯದ ವಕ್ತಾರ ವಿಕಾಸ್ ಸ್ವರೂಪ್ ತಳ್ಳಿಹಾಕಿದರು.

ಅವರು ಹೇಳಿದರು, ಇವರು ಅಲ್ಲಗಳೆದರು. ಸುದ್ದಿ ಮುಗಿಯಿತು. ನಮ್ಮ ಪತ್ರಿಕೆಗಳ ಮಟ್ಟಿಗೆ ಬಹುತೇಕ ಮುಗಿದೇ ಹೋಯಿತು.

ಆದರೆ ಈ ಕಥೆಯೊಳಗೆ ಮೂರು ಬೇರೆ ಬೇರೆ ಸಂಗತಿಗಳಿದ್ದವು. ಮೊದಲನೆಯದು, ಚಿತ್ರದುರ್ಗ ಜಿಲ್ಲೆಯಲ್ಲಿ ಯುರೇನಿಯಂ ಪುಷ್ಟೀಕರಣ ಘಟಕ ಬರುತ್ತದೆ ಎಂಬುದು. ಇದರಲ್ಲಿ ರಹಸ್ಯವೇ ಇರಲಿಲ್ಲ. ಪರಮಾಣು ಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ 2011ರಲ್ಲೇ ಸಿಎನ್‌ಎನ್–ಐಬಿಎನ್ ವಾಹಿನಿಯ ಸಂದರ್ಶನದಲ್ಲಿ ಹೇಳಿದ್ದರು. ಅಂತರರಾಷ್ಟ್ರೀಯ ತಪಾಸಣೆಗೆ ಅದನ್ನು ಒಡ್ಡುವುದಿಲ್ಲ, ಬೇರೆ ಬೇರೆ ಉದ್ದೇಶಕ್ಕೆ ಬಳಸುವ ಅವಕಾಶ ಇಟ್ಟುಕೊಳ್ಳುತ್ತೇವೆ ಎಂಬರ್ಥದ ಮಾತನ್ನೂ ಅವರೇ ಆಡಿದ್ದರು. ಎರಡನೆಯದು, ಆ ಯುರೇನಿಯಂ ಮುಂದೆ ಏನಾಗುತ್ತದೆ ಎಂಬ ತಜ್ಞರ ಅಂದಾಜು. ಮೈಸೂರಿನ ರಟ್ಟೆಹಳ್ಳಿಯ ಘಟಕದ ಸಾಮರ್ಥ್ಯ, ಉಪಗ್ರಹ ಚಿತ್ರ, ಜಲಾಂತರ್ಗಾಮಿಗಳ ಇಂಧನದ ಅಗತ್ಯ ಇತ್ಯಾದಿ ಲೆಕ್ಕ ಹಾಕಿ ಅವರು ಮಾಡಿದ ಊಹೆ. ಇದು ಸರಿಯಿರಬಹುದು, ತಪ್ಪಿರಬಹುದು; ಸುಳ್ಳಂತೂ ಅಲ್ಲ. ಮೂರನೆಯದು ‘ನಗರ’ ಎಂಬ ಬಣ್ಣ. ನೆಲದಡಿ ಊರು, ಹಳ್ಳಿಗಳ ಮೇಲೆ ಪ್ರಯೋಗ ಎಂದೆಲ್ಲ ಬಾಲಂಗೋಚಿ ಬೆಳೆಸಿಕೊಳ್ಳುವುದಕ್ಕೆ ಹೇಳಿ ಮಾಡಿಸಿದ ಭಾಗ ಇದೇ.

ದೆಹಲಿಯ ನಿರಾಕರಣೆ ಜಾಣತನದ್ದು. ರಹಸ್ಯ ನಗರ ಇಲ್ಲ ಎಂದರೆ ಘಟಕ ಇಲ್ಲ ಎಂದಾಗಲಿಲ್ಲ. ಒಪ್ಪಿಕೊಂಡದ್ದು, ಊಹಿಸಿದ್ದು, ಹುಟ್ಟಿಸಿದ್ದು ಈ ಮೂರನ್ನೂ ಬಿಡಿಸಿ ಓದುಗನ ಮುಂದೆ ಇಡುವುದು ಪತ್ರಿಕೆಯ ಕೆಲಸವಾಗಿತ್ತು. ಬ್ಯಾನರ್ಜಿಯವರ ಆರು ವರ್ಷ ಹಳೆಯ ಮಾತನ್ನು ಆ ದಿನ ಸುದ್ದಿಯ ಪಕ್ಕದಲ್ಲಿ ಒಂದು ಬಾಕ್ಸ್ ಮಾಡಿ ಹಾಕಿದ್ದರೂ ಸಾಕಿತ್ತು. ಹಾಗಾಗದೆ ಎಲ್ಲವೂ ಒಂದೇ ಶೀರ್ಷಿಕೆಯೊಳಗೆ ಸೇರಿ, ಅದರ ಮೇಲೆ ಪಾಕಿಸ್ತಾನದ ಹೆಸರು ಬಿದ್ದು, ನಂಬುವುದೋ ಬಿಡುವುದೋ ಎಂಬುದು ದೇಶಭಕ್ತಿಯ ಪ್ರಶ್ನೆಯಾಗಿ ತಿರುಗಿತು. ‘ಏನೋ ಇದೆ, ಇವರು ಹೇಳ್ತಿಲ್ಲ’ ಎಂದು ಚಳ್ಳಕೆರೆಯ ಓದುಗ ಅಂದುಕೊಂಡರೆ ಅದರಲ್ಲಿ ಮೌಢ್ಯ ಎಲ್ಲಿದೆ? ಏನೋ ಇದ್ದದ್ದು ನಿಜ. ಹೇಳದೇ ಇದ್ದದ್ದೂ ನಿಜ.

ಲೆವಿಯವರ ವರದಿಯ ಬಗ್ಗೆಯೂ ಒಂದು ತಕರಾರು ಇದೆ. ಅಮೆರಿಕದ ಓದುಗರಿಗೆ ಲಂಬಾಣಿಗಳ ಕಸೂತಿ ಒಳ್ಳೆಯ ಚಿತ್ರ. ಆದರೆ ಗೋಡೆ ಎದ್ದ ಮೇಲೆ ಉರಿಬಿಸಿಲಲ್ಲಿ ಸುತ್ತು ಹಾಕಬೇಕಾದ ಗೊಲ್ಲರು, ಮ್ಯಾಸಬೇಡರು, ಕುರುಬರು ಆ ಚಿತ್ರದ ಚೌಕಟ್ಟಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅಷ್ಟಾದರೂ ಒಬ್ಬ ಪರದೇಶಿ ಪತ್ರಕರ್ತ ಉಳ್ಳಾರ್ತಿಯ ಜನರಿಂದ ಕಥೆ ಶುರುಮಾಡಿದರು ಎಂಬುದನ್ನು ಮರೆಯುವಂತಿಲ್ಲ. ಅದನ್ನು ಖಂಡಿಸಿದ, ಪುನರುಚ್ಚರಿಸಿದ ಸುದ್ದಿಗಳಲ್ಲಿ ಹೆಚ್ಚಿನವು ಶುರುವಾದದ್ದೂ ಮುಗಿದದ್ದೂ ದೆಹಲಿಯ ಡೇಟ್‌ಲೈನ್‌ನಲ್ಲೇ.

ಚಿಪ್ಪಿನ ಸಾಲ

ಸುದ್ದಿಮನೆಗಳು ಗಾಳಿಸುದ್ದಿಯನ್ನು ಅಲ್ಲಗಳೆದಾಗ ಜನ ಯಾಕೆ ಕಿವಿಗೊಡುವುದಿಲ್ಲ ಎಂಬುದಕ್ಕೆ ಚಳ್ಳಕೆರೆಯ ಹೊರಗೂ ಕಾರಣ ಹುಡುಕಬೇಕು. 2016ರ ನವೆಂಬರ್ ನೆನಪಿಸಿಕೊಳ್ಳಿ. ನೋಟು ರದ್ದಾಗಿ ಎಟಿಎಂ ಮುಂದೆ ಜನ ನಿಂತಿದ್ದ ದಿನಗಳು. ಹೊಸ ₹2,000 ನೋಟಿನಲ್ಲಿ ನ್ಯಾನೊ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿತ್ತು. ಅದನ್ನು ಪರದೆಯ ಮೇಲೆ ಗ್ರಾಫಿಕ್ಸ್ ಸಮೇತ ಬಿಡಿಸಿ ಹೇಳಿದ್ದು ಯಾವುದೋ ಗಲ್ಲಿಯ ಹುಡುಗನಲ್ಲ, ಹೆಸರಾಂತ ಸುದ್ದಿ ವಾಹಿನಿಗಳು. ಹಿಂದಿಯವೂ ಇದ್ದವು, ಕನ್ನಡದವೂ ಇದ್ದವು. ಅಂಥದ್ದೇನೂ ಇಲ್ಲ ಎಂದು ಸ್ಪಷ್ಟವಾದ ಮೇಲೆ, ಚಿಪ್ ಹೇಳಿದಷ್ಟೇ ದೊಡ್ಡ ದನಿಯಲ್ಲಿ ತಿದ್ದುಪಡಿ ಹೇಳಿದವರು ಯಾರು? ಇವತ್ತಿಗೂ ಕನ್ನಡದ ಮೀಮುಗಳಲ್ಲಿ ಆ ಚಿಪ್ ಜೀವಂತವಾಗಿದೆ. ‘ನೋಟಲ್ಲಿ ಚಿಪ್ ತೋರಿಸಿದೋರಲ್ವೇನಪ್ಪ ಇವ್ರು’ ಎಂಬ ಒಂದು ಮಾತಿನ ಮುಂದೆ ಯಾವ ಫ್ಯಾಕ್ಟ್‌ಚೆಕ್ ನಿಲ್ಲುತ್ತದೆ?

ಚಿಪ್ಪಿನದು ನಗುವ ಕಥೆ. ನಗಲಾಗದ್ದೂ ಇದೆ. 2020ರ ಏಪ್ರಿಲ್ ಹೊತ್ತಿಗೆ, ಕೊರೊನಾ ಹಬ್ಬುವುದರ ಹಿಂದೆ ಒಂದು ಸಮುದಾಯದ ಸಂಚಿದೆ ಎಂಬ ಮಾತು ಆನ್‌ಲೈನ್‌ನಲ್ಲಿ ಕುದಿಯುತ್ತಿದ್ದಾಗ, ದೆಹಲಿಯ ತಬ್ಲೀಗಿ ಜಮಾತ್ ಸಭೆಯ ನೆಪದಲ್ಲಿ ಅದನ್ನೇ ಟಿ.ವಿ. ಚರ್ಚೆ ಮಾಡಿದವರಿದ್ದರು. ಸುದ್ದಿ ಪ್ರಸಾರಕರದೇ ಸ್ವಯಂ ನಿಯಂತ್ರಣ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ ₹1 ಲಕ್ಷ, ಸುವರ್ಣ ನ್ಯೂಸ್‌ಗೆ ₹50 ಸಾವಿರ ದಂಡ ಹಾಕಿತು. ಟೈಮ್ಸ್ ನೌ ವಾಹಿನಿಗೆ ಛೀಮಾರಿ. ದಂಡ ಬಂದದ್ದು ಒಂದು ವರ್ಷದ ಮೇಲೆ. ತರಕಾರಿ ಗಾಡಿಯವನನ್ನು ಹೆಸರು ಕೇಳಿ ಓಡಿಸುತ್ತಿದ್ದ ದಿನಗಳು ಅಷ್ಟೊತ್ತಿಗೆ ಮುಗಿದಿದ್ದವು.

ಹಾಗೆಂದು ಜನರ ಅಪನಂಬಿಕೆಯನ್ನು ಸುಮ್ಮನೆ ಹೊಗಳುವಂತೆಯೂ ಇಲ್ಲ. ಪತ್ರಿಕೆ, ಪೊಲೀಸು, ಸರ್ಕಾರ ಯಾರ ಮಾತೂ ಬೇಡ, ಕೈಯಲ್ಲಿರುವ ವಿಡಿಯೊ ಸಾಕು ಎಂದುಕೊಂಡಾಗ ಏನಾಗುತ್ತದೆ ಎಂಬುದನ್ನು 2018ರಲ್ಲಿ ಕರ್ನಾಟಕ ನೋಡಿದೆ. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಎಂಜಿನಿಯರ್ ಹೆಣವಾದರು. ಅಂದು ಎಲ್ಲರ ಮೊಬೈಲಿನಲ್ಲಿದ್ದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತೊಯ್ಯುವ ವಿಡಿಯೊ ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರದ ತುಣುಕು. ಕೊನೆಯಲ್ಲಿ ಮಗುವನ್ನು ತಂದು ಬಿಡುವ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ತಂದಿತು. ಸುಡುಗಾಡು ಸಿದ್ಧರು, ಬುಡ್ಗ ಜಂಗಮರಂಥ ಅಲೆಮಾರಿಗಳು ಊರೂರು ತಿರುಗುವ ನಮ್ಮ ಬಯಲುಸೀಮೆಯಲ್ಲಿ ಇಂಥ ವದಂತಿ ಎದ್ದರೆ ಮೊದಲು ಏಟು ತಿನ್ನುವವರು ಯಾರೆಂದು ಹೇಳಬೇಕಾಗಿಲ್ಲ.

ಗೋಡೆಯಾಚೆಯ ಬಗ್ಗೆ ಅನುಮಾನಪಡುವುದೂ ದಾರಿಹೋಕನ ಬಗ್ಗೆ ಅನುಮಾನಪಡುವುದೂ ಒಂದೇ ಅಲ್ಲ. ಒಂದು ಅಧಿಕಾರದ ಕಡೆಗೆ ನೋಡುತ್ತದೆ, ಇನ್ನೊಂದು ಕೈಲಾಗದವನ ಕಡೆಗೆ. ಸುದ್ದಿಯಲ್ಲಿ ಮಾತ್ರ ಎರಡಕ್ಕೂ ‘ವದಂತಿ’ ಎಂಬ ಒಂದೇ ಹಣೆಪಟ್ಟಿ.

ಅಕ್ಷರಗುಂಡು

ಮೊಳಕಾಲ್ಮುರು ತಾಲ್ಲೂಕಿನಲ್ಲಿ ಮೂರು ಅಶೋಕನ ಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದ ಸಂದೇಶ. ಅಂದರೆ ಆ ಕಾಲದ ಸರ್ಕಾರಿ ಸುತ್ತೋಲೆ. ಕುಶಲೋಪರಿಯಿಂದ ಶುರುವಾಗುತ್ತದೆ. ಬರೆದವನ ಹೆಸರು ಚಪಡ ಎಂದೂ ಇದೆ. ಯಾರು, ಯಾರಿಗೆ, ಏನು ಎಂಬುದೆಲ್ಲ ಬಯಲಲ್ಲೇ, ಬಂಡೆಯ ಮೇಲೆ. ಇವತ್ತಿನ ಎಷ್ಟೋ ಆದೇಶಗಳಲ್ಲಿ ಇಷ್ಟು ಇರುವುದಿಲ್ಲ.

ಲಿಪಿ ಮರೆತುಹೋದ ಮೇಲೆ ಬಂಡೆ ಮಾತ್ರ ಉಳಿಯಿತು. ಬ್ರಹ್ಮಗಿರಿಯ ಸುತ್ತಿನವರು ಅದನ್ನು ಅಕ್ಷರಗುಂಡು ಎಂದು ಕರೆದರು; ಜಟಿಂಗರಾಮೇಶ್ವರದ್ದು ಬಳೆಗಾರರ ಗುಂಡಾಯಿತು. ಅಲ್ಲಿ ಅಕ್ಷರ ಇದೆ ಎಂದು ಜನರಿಗೆ ಗೊತ್ತಿತ್ತು, ಏನು ಬರೆದಿದೆ ಎಂದು ಗೊತ್ತಿರಲಿಲ್ಲ. ಬ್ರಾಹ್ಮಿಯನ್ನು ಓದುವ ಕೀಲಿ ಜೇಮ್ಸ್ ಪ್ರಿನ್ಸೆಪ್‌ಗೆ ಸಿಕ್ಕಿದ್ದು 1837ರಲ್ಲಿ.

ಅಲ್ಲಿಂದ ಒಂದಿಷ್ಟು ದೂರದ ಕಾವಲಿನಲ್ಲಿ ಇವತ್ತು ಬರೆದದ್ದನ್ನೂ ಓದಲು ಬಿಡದ ಕಾನೂನುಗಳಿವೆ. ಡಿಆರ್‌ಡಿಒ ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಉತ್ತರ ಕೊಡಬೇಕಾಗಿಲ್ಲ. ಪರಮಾಣು ಘಟಕದ ಮಾಹಿತಿ ಹೊರಹೋಗದಂತೆ ತಡೆಯುವ ಅಧಿಕಾರವನ್ನು, ಈ ಯೋಜನೆ ಬಂದಾಗ ಜಾರಿಯಲ್ಲಿದ್ದ 1962ರ ಪರಮಾಣು ಶಕ್ತಿ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತ್ತು. ಇವೆಲ್ಲದರ ಹಿಂದೆ 1923ರ ಅಧಿಕೃತ ರಹಸ್ಯ ಕಾಯ್ದೆ. ದೇಶದ ರಕ್ಷಣೆಗೆ ಗುಟ್ಟು ಬೇಕು, ಅದನ್ನು ಅಲ್ಲಗಳೆಯಲಾರೆ. ಆದರೆ ಚಳ್ಳಕೆರೆಯ ಬಿಡಿ ವರದಿಗಾರ ಇದನ್ನೆಲ್ಲ ದಾಟಿ ‘ಸುಳ್ಳು’ ಎಂದೋ ‘ನಿಜ’ ಎಂದೋ ಬರೆಯುವುದು ಹೇಗೆ? ತಾಲ್ಲೂಕು ವರದಿಗಾರರಲ್ಲಿ ಬಹಳ ಮಂದಿಗೆ ಬರೆದ ಸುದ್ದಿಯ ಲೆಕ್ಕದಲ್ಲಿ ಗೌರವಧನ. ಅವರ ಹಿಂದೆ ವಕೀಲರಿಲ್ಲ. ನಿರಾಕರಣೆಯ ಪ್ರಕಟಣೆಯನ್ನು ಹಾಗೇ ಹಾಕುವುದು ಅವರಿಗೆ ಸುರಕ್ಷಿತ, ಸುದ್ದಿಮನೆಗೆ ಸುಲಭ.

2025ರ ಜೂನ್‌ನಲ್ಲಿ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಎನ್ನುವ ಕರಡು ಮಸೂದೆ ಕರ್ನಾಟಕದಲ್ಲಿ ಚರ್ಚೆಗೆ ಬಂತು. ಸರ್ಕಾರವೇ ನಿಜ–ಸುಳ್ಳು ತೀರ್ಮಾನಿಸುವ ಕೇಂದ್ರದ ಫ್ಯಾಕ್ಟ್‌ಚೆಕ್ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತ್ತು. ಚಳ್ಳಕೆರೆಯ ಉದಾಹರಣೆಯಲ್ಲಿ ಇಟ್ಟು ನೋಡಿದರೆ ತೊಡಕು ಸ್ಪಷ್ಟ. ಗುಟ್ಟು ಕಾಯುವವರೂ ಅವರೇ, ಗುಟ್ಟಿನ ಬಗ್ಗೆ ಯಾರು ಸುಳ್ಳಾಡಿದರು ಎಂದು ಹೇಳುವವರೂ ಅವರೇ.

ಎರಡು ಇಳಿತ

2023ರಲ್ಲಿ ಐದು ತಿಂಗಳ ಅಂತರದಲ್ಲಿ ಈ ಸೀಮೆಯ ನೆಲಕ್ಕೆ ಆಕಾಶದಿಂದ ಎರಡು ವಸ್ತು ಇಳಿದವು.

ಏಪ್ರಿಲ್ 2ರ ಬೆಳಿಗ್ಗೆ, ವರವು ಕಾವಲಿನ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ ಇಸ್ರೊದ ಮರುಬಳಕೆ ಉಡಾವಣಾ ವಾಹನ. ಅರುಣ್ ಜೇಟ್ಲಿ 2017ರ ಮೇ 28ರಂದು ಉದ್ಘಾಟಿಸಿದ ಕೇಂದ್ರವದು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, 7.40ಕ್ಕೆ ಅದು ತಾನಾಗಿಯೇ ರನ್‌ವೇ ಮೇಲೆ ಇಳಿಯಿತು. ಸಮಯ, ಎತ್ತರ, ವಿಡಿಯೊ ಎಲ್ಲವನ್ನೂ ಇಸ್ರೊ ಅಂದೇ ಕೊಟ್ಟಿತು. ಪತ್ರಿಕೆಗಳಿಗೆ ಬರೆಯಲು ಸರಕಿತ್ತು, ಶಾಲೆಯ ಹುಡುಗರಿಗೆ ನೋಡಲು ದೃಶ್ಯವಿತ್ತು. 2024ರ ಮಾರ್ಚ್, ಜೂನ್‌ಗಳಲ್ಲಿ ಮತ್ತೆರಡು ಸಲ ಅದೇ ಪರೀಕ್ಷೆ ಅಲ್ಲೇ ನಡೆಯಿತು.

ಆಗಸ್ಟ್ 20ರ ಬೆಳಿಗ್ಗೆ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಡಿಆರ್‌ಡಿಒದ ತಪಸ್ ಡ್ರೋನ್ ಬಿತ್ತು. 2019ರ ಸೆಪ್ಟೆಂಬರ್ 17ರಂದು ಅದರದೇ ಹಿಂದಿನ ರೂಪ ರುಸ್ತುಂ–2 ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದಿತ್ತು. ಎರಡೂ ಸಲ ಮೊದಲ ಚಿತ್ರ ಬಂದದ್ದು ಊರಿನವರ ಮೊಬೈಲಿನಿಂದ. ಜನ ಸುತ್ತ ನೆರೆದರು, ಮುರಿದ ರೆಕ್ಕೆಯ ಮುಂದೆ ನಿಂತರು, ವಿಡಿಯೊ ಮಾಡಿದರು. ಅಧಿಕಾರಿಗಳು ಬಂದು ಚೂರುಗಳನ್ನು ಒಯ್ದರು. ಪತ್ರಿಕೆಗಳಲ್ಲಿ ಪ್ರಯೋಗದ ವೇಳೆ ಡ್ರೋನ್ ಪತನ, ತನಿಖೆ ನಡೆಯುತ್ತಿದೆ ಎಂಬಷ್ಟು ಬಂತು. ಹೊಲದಲ್ಲಿ ನಿಂತವನಿಗೆ ಬೇಕಿದ್ದದ್ದು ಬೇರೆ. ಇದು ಮತ್ತೆ ಬೀಳುತ್ತದೆಯೇ? ಮನೆ ಮೇಲೆ ಬಿದ್ದರೆ? ಬೆಳೆಗೆ ಯಾರು ದುಡ್ಡು ಕೊಡುತ್ತಾರೆ? ಈ ಮೂರು ಪ್ರಶ್ನೆಗಳಿಗೆ ರಕ್ಷಣಾ ರಹಸ್ಯ ಅಡ್ಡಬರುವುದಿಲ್ಲ.

ಅಡ್ಡಬಾರದ ಪ್ರಶ್ನೆಗಳು ಇನ್ನೂ ಇವೆ. ಹಸಿರು ನ್ಯಾಯಮಂಡಳಿ ಹೇಳಿದ ಷರತ್ತುಗಳಲ್ಲಿ ಯಾವುವು ಪಾಲನೆಯಾಗಿವೆ? ಕಾವಲಿನ ಮೂಲಕ ಹಾದುಹೋಗುತ್ತಿದ್ದ ಬಂಡಿದಾರಿಗಳಿಗೆ ಬದಲಿ ದಾರಿ ಎಲ್ಲೆಲ್ಲಿ ಬಿಟ್ಟಿದ್ದಾರೆ? ದೇವರ ಎತ್ತುಗಳಿಗೆ ಬರಗಾಲದಲ್ಲಿ ಮೇವು ಎಲ್ಲಿಂದ ಬರುತ್ತಿದೆ? ಗೋಡೆಯೊಳಗೆ ಸ್ಥಳೀಯರಲ್ಲಿ ಎಷ್ಟು ಮಂದಿಗೆ, ಎಂಥ ಕೆಲಸ ಸಿಕ್ಕಿದೆ? ಇವುಗಳಿಗೆ ಉತ್ತರ ಹುಡುಕಲು ಉಪಗ್ರಹ ಚಿತ್ರ ಬೇಡ, ಇಸ್ಲಾಮಾಬಾದಿನ ವಕ್ತಾರ ಬೇಡ. ಚಳ್ಳಕೆರೆ ತಾಲ್ಲೂಕು ಕಚೇರಿ, ಪಶುಸಂಗೋಪನೆ ಇಲಾಖೆ, ನಾಯಕನಹಟ್ಟಿ ಹೋಬಳಿಯ ಕಂದಾಯ ನಿರೀಕ್ಷಕರ ಕಚೇರಿ, ಇಷ್ಟು ಸುತ್ತಿದರೆ ಅರ್ಧ ಪುಟದ ವರದಿಗೆ ಬೇಕಾದ ಕಾಗದ ಸಿಗುತ್ತದೆ. ಉಳಿದರ್ಧ ದೊಡ್ಡ ಉಳ್ಳಾರ್ತಿಯ ಅರಳಿಕಟ್ಟೆಯಲ್ಲಿ ಕೂತವರು ಹೇಳುತ್ತಾರೆ.